ಪ್ರಶ್ನೆ ಕೇಳುವ ಪೀಠ: ಕಿರುತೆರೆಯ ನಿರೂಪಕರಾಗಿ ಪುನೀತ್ ರಾಜ್‌ಕುಮಾರ್

ಪ್ರಶ್ನೋತ್ತರದ ಆಟ ಕನ್ನಡ ಜನಪದರಿಗೆ ಹೊಸದಲ್ಲ. ಒಗಟು, ಒಡಪುಗಳಲ್ಲಿಯೂ ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಲಾವಣಿಗಳ ಸವಾಲು–ಜವಾಬುಗಳಲ್ಲಿಯೂ ತಿಳಿವಳಿಕೆಯು ಸ್ಪರ್ಧೆಯ ರೂಪ ತಾಳುತ್ತದೆ. ಅಲ್ಲಿ ಮುಖ್ಯವಾಗಿ ಪಣಕ್ಕೆ ಬೀಳುವುದು ಮರ್ಯಾದೆ. ಪ್ರಶ್ನೆ ಕೇಳಿದವನು ಮರುಕ್ಷಣವೇ ಉತ್ತರಿಸಬೇಕಾದವನೂ ಆಗುತ್ತಾನೆ. ಕಿರುತೆರೆಯ ಆಟಗಳು ಈ ಸಮಾನತೆಯನ್ನು ಕೈಬಿಟ್ಟು, ಪ್ರಶ್ನಿಸುವ ಅಧಿಕಾರವನ್ನು ನಿರೂಪಕನೊಬ್ಬನಿಗೆ ವಹಿಸಿದವು. ಆ ಪೀಠದಲ್ಲಿ ಕುಳಿತವನ ನಡೆನುಡಿಯಿಂದ ಆಟದ ಸ್ವರೂಪವೇ ಬದಲಾಗಬಲ್ಲದು ಎಂಬುದಕ್ಕೆ ಪುನೀತ್ ರಾಜ್‌ಕುಮಾರ್ ಅವರ ನಿರೂಪಣೆ ನಿದರ್ಶನವಾಗಿದೆ.

2002ರ ಜನವರಿಯಲ್ಲಿ ಚಂದನ ವಾಹಿನಿಯಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ಕಾರ್ಯಕ್ರಮದಲ್ಲಿ ವೈದ್ಯ–ಲೇಖಕ ಡಾ. ನಾ. ಸೋಮೇಶ್ವರ ಅವರು ಸರಿಯುತ್ತರಕ್ಕೆ ಕನ್ನಡ ಪುಸ್ತಕಗಳನ್ನು ಬಹುಮಾನವಾಗಿ ನೀಡುವ ಮಾದರಿಯನ್ನು ರೂಢಿಸಿದರು. 2012ರಲ್ಲಿ ಸುವರ್ಣ ವಾಹಿನಿಯಲ್ಲಿ ಮೊದಲಾದ ‘ಕನ್ನಡದ ಕೋಟ್ಯಧಿಪತಿ’ ಇದಕ್ಕಿಂತ ಭಿನ್ನ. 1998ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿ, 2000ದಲ್ಲಿ ಅಮಿತಾಭ್ ಬಚ್ಚನ್ ಅವರ ಮೂಲಕ ಹಿಂದಿಗೆ ಬಂದ ಆಟದ ಕನ್ನಡ ರೂಪವಿದು. ಎದುರುಬದುರು ಆಸನ, ನಾಲ್ಕು ಆಯ್ಕೆ, ಏರುವ ಹಣದ ಮೆಟ್ಟಿಲು, ಲೈಫ್‌ಲೈನ್‌ಗಳೆಲ್ಲವೂ ಮೂಲದಲ್ಲಿಯೇ ನಿಗದಿಯಾಗಿದ್ದವು. ಕನ್ನಡಕ್ಕೆ ಉಳಿದ ಅವಕಾಶ ಬಹುಮಟ್ಟಿಗೆ ಪ್ರಶ್ನೆಗಳ ಆಯ್ಕೆ ಮತ್ತು ನಿರೂಪಕನ ಮಾತು ಮಾತ್ರ.

1975ರ ಮಾರ್ಚ್ 17ರಂದು ಮದರಾಸಿನಲ್ಲಿ ಜನಿಸಿದ ಪುನೀತ್, ಬಾಲನಟರಾಗಿಯೇ ಮನೆಮಾತಾಗಿದ್ದರು. ರಾಷ್ಟ್ರಪ್ರಶಸ್ತಿ ತಂದುಕೊಟ್ಟ ‘ಬೆಟ್ಟದ ಹೂವು’ (1985) ಚಿತ್ರದ ರಾಮು, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ಕಾಸು ಕೂಡಿಡುತ್ತಾನೆ. ಕೊನೆಗೆ ಆ ಹಣದಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ವಿದ್ಯೆಯ ಹಂಬಲ ಮತ್ತು ಹಣದ ಅಗತ್ಯಗಳ ನಡುವೆ ಸಿಲುಕಿದ ಆ ಬಾಲಕನನ್ನು ಬಲ್ಲ ಪ್ರೇಕ್ಷಕರ ಎದುರಿಗೇ, ಇಪ್ಪತ್ತೇಳು ವರ್ಷಗಳ ಬಳಿಕ ಅವರು ಅದೇ ಇಕ್ಕಟ್ಟಿನಲ್ಲಿದ್ದ ಸ್ಪರ್ಧಿಗಳಿಗೆ ಪ್ರಶ್ನೆ ಕೇಳಲು ಕುಳಿತರು ಎಂಬುದು ಗಮನಾರ್ಹ.

‘ಅಪ್ಪು’ (2002) ಚಿತ್ರದಿಂದ ನಾಯಕನಟರಾದವರು ಈ ಪೀಠದಲ್ಲಿ ಕೇಳುಗರಾದರು. ಸ್ಪರ್ಧಿಯ ಊರು, ಕಸುಬು, ಸಂಸಾರದ ಮಾತುಗಳಿಗೆ ಇಲ್ಲಿ ಪ್ರಶ್ನೆಗಳಷ್ಟೇ ಸ್ಥಾನವಿತ್ತು. ಬಡವರ ಸಂಕಟವೂ ಪ್ರದರ್ಶನದ ಸರಕಾಗುವ ಅಪಾಯ ಇಂತಹ ಆಟಗಳಲ್ಲಿ ಇದ್ದೇ ಇದೆ. ಅದನ್ನು ತಕ್ಕಮಟ್ಟಿಗೆ ತಡೆದದ್ದು ಮನೆಗೆ ಬಂದ ಅತಿಥಿಯೊಡನೆ ಆಡುವಂತಹ ಅವರ ಮಾತಿನ ಧಾಟಿ. ಮೊದಲೆರಡು ಆವೃತ್ತಿಗಳ ನಂತರ, 2018ರ ಆವೃತ್ತಿಯನ್ನು ರಮೇಶ್ ಅರವಿಂದ್ ನಡೆಸಿಕೊಟ್ಟರು. 2019ರಲ್ಲಿ ಕಲರ್ಸ್ ಕನ್ನಡದಲ್ಲಿ ಪುನೀತ್ ಮತ್ತೆ ಅದೇ ಪೀಠಕ್ಕೆ ಬಂದರು.

2021ರ ಅಕ್ಟೋಬರ್ 29ರಂದು, ತಮ್ಮ 46ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಕಂಠೀರವ ಸ್ಟುಡಿಯೋದಲ್ಲಿ ತಂದೆತಾಯಿಯರ ಸಮಾಧಿಗಳ ಬಳಿಯಲ್ಲಿಯೇ ಅವರ ಸಮಾಧಿಯೂ ಇದೆ. ಪಶ್ಚಿಮ ಬೆಂಗಳೂರಿನ ರಾಜಾಜಿನಗರದಲ್ಲಿ ಡಾ. ರಾಜ್‌ಕುಮಾರ್ ರಸ್ತೆಯಿದೆ, ನಾಯಂಡಹಳ್ಳಿಯಿಂದ ಬನ್ನೇರುಘಟ್ಟ ರಸ್ತೆಯವರೆಗಿನ ವರ್ತುಲ ರಸ್ತೆಗೆ 2023ರಲ್ಲಿ ಮಗನ ಹೆಸರಿಡಲಾಯಿತು. ಇವು ಚಿತ್ರನಟರಿಗೆ ಸಂದ ಗೌರವಗಳು. ನಿರೂಪಕರಾಗಿ ಅವರು ಉಳಿಸಿಹೋದದ್ದು ಬೇರೆಯೇ: ಹೊರಗಿನಿಂದ ಬಂದ ಆಟವೊಂದರಲ್ಲಿ, ಸೋತು ಎದ್ದವರನ್ನೂ ಮರ್ಯಾದೆಯಿಂದ ಕಳುಹಿಸಿಕೊಡುವ ಜನಪದರ ರೀತಿ.