ಅಬಿಡ್ಸ್ ಪಟಾಕಿ ಅಂಗಡಿ ಬೆಂಕಿ: ಸ್ಥಳಕ್ಕೆ ಬಂದ ಅಗ್ನಿಶಾಮಕ ಅಧಿಕಾರಿ ಮೊದಲು ನೋಡುವುದೇನು?

ಹೈದರಾಬಾದ್: 2024ರ ಅಕ್ಟೋಬರ್ 27ರ ರಾತ್ರಿ, ದೀಪಾವಳಿಗೆ ಕೆಲವೇ ದಿನಗಳಿರುವಾಗ, ಅಬಿಡ್ಸ್‌ನ ಪಟಾಕಿ ಅಂಗಡಿಯೊಂದು ಹೊತ್ತಿ ಉರಿಯಿತು. ಅಲ್ಲಿದ್ದ ಹಲವು ವಾಹನಗಳು ಸುಟ್ಟವು. ಮಹಿಳೆಯೊಬ್ಬರು ಗಾಯಗೊಂಡರು. ಬೆಂಕಿಯ ತೀವ್ರತೆ ಕಂಡು ಹೆಚ್ಚುವರಿ ಅಗ್ನಿಶಾಮಕ ವಾಹನಗಳನ್ನು ಕರೆಸಲಾಯಿತು.

ಹಿರಿಯರು ಬರುವವರೆಗೆ ಮೊದಲ ವಾಹನದ ಅಧಿಕಾರಿಯೇ ಅಲ್ಲಿನ ಕಮಾಂಡರ್. 'ನೀರು ಬಿಡಿ' ಎಂದು ಜನ ಕೂಗುತ್ತಿದ್ದರೂ ಅವರು ಪೈಪ್ ಹಿಡಿಯದೆ ಕಟ್ಟಡವನ್ನು ಒಂದು ಸುತ್ತು ನೋಡಬೇಕು. ಇದು ವಿಳಂಬವಲ್ಲ, ಕೆಲಸದ ಮೊದಲ ಭಾಗ. ಒಳಗೆ ಯಾರಿದ್ದಾರೆ? ಉರಿಯುತ್ತಿರುವುದೇನು? ಹೊಗೆ ಎಲ್ಲಿಂದ ಬರುತ್ತಿದೆ? ಮುಂದೆ ಯಾವುದಕ್ಕೆ ಹಬ್ಬಬಹುದು? ಅಂಗಡಿಗಳು ಒತ್ತೊತ್ತಾಗಿರುವ ಪೇಟೆಯಲ್ಲಿ ಹಿಂಬದಿ ಕಾಣುವುದೇ ಇಲ್ಲ. ಪಕ್ಕದ ಕಟ್ಟಡದ ತಾರಸಿಗೆ ಒಬ್ಬರನ್ನು ಹತ್ತಿಸಬೇಕು. ಕಂಡದ್ದನ್ನು ವೈರ್‌ಲೆಸ್‌ನಲ್ಲಿ ಚುಟುಕಾಗಿ ತಿಳಿಸಿದರೆ ಎಷ್ಟು ವಾಹನ ಕಳುಹಿಸಬೇಕೆಂದು ಕಂಟ್ರೋಲ್ ರೂಮ್‌ಗೆ ಗೊತ್ತಾಗುತ್ತದೆ.

ಪಟಾಕಿ ಅಂಗಡಿಯಿಂದ ಎಲ್ಲರೂ ಹೊರಬಂದಿದ್ದರೆ ಸಿಬ್ಬಂದಿಯನ್ನು ಒಳಗೆ ಕಳುಹಿಸುವುದಿಲ್ಲ. ದೂರದಿಂದಲೇ ನೀರು ಹಾಯಿಸಿ ಅಕ್ಕಪಕ್ಕದ ಕಟ್ಟಡ ಉಳಿಸುತ್ತಾರೆ. ಹತ್ತಿರದ ನಾಂಪಲ್ಲಿಯ ಬಜಾರ್‌ಘಾಟ್‌ನಲ್ಲಿ 2023ರ ನವೆಂಬರ್ 13ರಂದು ಸ್ಥಿತಿ ಬೇರೆಯೇ ಇತ್ತು. ನೆಲಮಹಡಿಯಲ್ಲಿ ರಾಸಾಯನಿಕದ ಡ್ರಮ್‌ಗಳು, ಮೇಲೆ ಕುಟುಂಬಗಳು. ಅಂಥಲ್ಲಿ ಹೊಗೆ ಮೆಟ್ಟಿಲನ್ನೇ ಮುಚ್ಚುವುದರಿಂದ ಏಣಿ ಹಾಕಿ ಜನರನ್ನು ಇಳಿಸುವುದೇ ಮೊದಲ ಕೆಲಸ. ಅಲ್ಲಿ ಕನಿಷ್ಠ ಒಂಬತ್ತು ಮಂದಿ ಮೃತಪಟ್ಟರು.

101ಕ್ಕೆ ಕರೆ ಮಾಡುವವರು ವಿಳಾಸದ ಜೊತೆಗೆ ಒಳಗಿರುವ ದಾಸ್ತಾನು ಏನೆಂದೂ ಹೇಳಿದರೆ ಅಧಿಕಾರಿಯ ಲೆಕ್ಕಾಚಾರ ದಾರಿಯಲ್ಲೇ ಶುರುವಾಗುತ್ತದೆ.