ಸರ್ಕಾರಿ ವಲಯದಲ್ಲಿ ಗ್ರಂಥಪಾಲಕರ ಉದ್ಯೋಗ: ಕರ್ನಾಟಕದ ಚಿತ್ರ

ಕರ್ನಾಟಕದಲ್ಲಿ ಗ್ರಂಥಪಾಲಕರಿಗೆ ಸರ್ಕಾರಿ ಉದ್ಯೋಗ ಸಿಗುವುದು ಮುಖ್ಯವಾಗಿ ಮೂರು ಕಡೆ: ಸಾರ್ವಜನಿಕ ಗ್ರಂಥಾಲಯ ಇಲಾಖೆ, ಶಿಕ್ಷಣ ಸಂಸ್ಥೆಗಳು ಮತ್ತು ಗ್ರಾಮ ಪಂಚಾಯಿತಿಗಳು. ವಿದ್ಯಾರ್ಹತೆ, ಸಂಬಳ, ಭದ್ರತೆ ಮೂರು ಕಡೆಯೂ ಬೇರೆ ಬೇರೆ.

ಪುಸ್ತಕ ಕಾಯುವ ಕೆಲಸ ತರಬೇತಿ ಬೇಡುವ ವೃತ್ತಿಯಾದದ್ದು 20ನೇ ಶತಮಾನದ ಆರಂಭದಲ್ಲಿ. ಬರೋಡಾ ಸಂಸ್ಥಾನ 1911ರಲ್ಲಿ ತರಬೇತಿ ತರಗತಿ ತೆರೆಯಿತು. ಗಣಿತದ ಅಧ್ಯಾಪಕರಾಗಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಈ ವೃತ್ತಿಗೆ ಶಾಸ್ತ್ರದ ತಳಹದಿ ಹಾಕಿದರು. 1962ರಲ್ಲಿ ಬೆಂಗಳೂರಿನಲ್ಲಿ ಅವರು ಕಟ್ಟಿದ ಡಿಆರ್‌ಟಿಸಿ ಇಂದಿಗೂ ಹೆಸರಾಂತ ತರಬೇತಿ ಕೇಂದ್ರ.

ಹುದ್ದೆಗಳಿಗೆ ನೆಲೆ ಸಿಕ್ಕಿದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ. ಮರುವರ್ಷವೇ ಪ್ರತ್ಯೇಕ ಇಲಾಖೆ ಬಂತು. ಕಾಯ್ದೆಯಿಂದ ಗ್ರಂಥಾಲಯ ಕರವೂ ಜಾರಿಯಾಯಿತು. ಈಗ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ವಸೂಲಾಗುತ್ತದೆ. ಕರದ ಹಣದಿಂದ ಪುಸ್ತಕ, ಪತ್ರಿಕೆ, ಕಟ್ಟಡಗಳಾಗುತ್ತವೆ. ಹುದ್ದೆ ತುಂಬಬೇಕಾದರೆ ಸರ್ಕಾರದ ಮಂಜೂರಾತಿ, ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು. ಹಾಗಾಗಿ ಶಾಖೆಗಳು ಹೆಚ್ಚಿದಷ್ಟು ಕಾಯಂ ನೌಕರರು ಹೆಚ್ಚಲಿಲ್ಲ.

ಇಂದು ಹೆಚ್ಚು ಭದ್ರವಾದ ದಾರಿ ಶಿಕ್ಷಣ ಕ್ಷೇತ್ರದ್ದು. ಕಾಲೇಜು ಗ್ರಂಥಪಾಲಕರಾಗಲು ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ (ಎಂ.ಲಿಬ್) ಜೊತೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆಯ ತೇರ್ಗಡೆ ಬೇಕು, ನಿಯಮಾನುಸಾರ ಪಿಎಚ್.ಡಿ. ಪಡೆದವರಿಗೆ ವಿನಾಯಿತಿಯಿದೆ. ಯುಜಿಸಿಯ 2018ರ ನಿಯಮಗಳ ಪ್ರಕಾರ ಆರಂಭಿಕ ಮೂಲವೇತನ 57,700 ರೂಪಾಯಿ, ಅಂದರೆ ಸಹಾಯಕ ಪ್ರಾಧ್ಯಾಪಕರಷ್ಟೇ. ಏಳನೇ ವೇತನ ಆಯೋಗದ ಶ್ರೇಣಿಯಂತೆ ಕೇಂದ್ರೀಯ ವಿದ್ಯಾಲಯಗಳ ಗ್ರಂಥಪಾಲಕರಿಗೆ ಇದು 44,900 ರೂಪಾಯಿ.

ಗ್ರಾಮೀಣ ಗ್ರಂಥಾಲಯಗಳ ಕಥೆ ಬೇರೆ. ಐದೂವರೆ ಸಾವಿರಕ್ಕೂ ಹೆಚ್ಚಿನ ಈ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು; ಈಗ ಅವು ‘ಅರಿವು ಕೇಂದ್ರ’ಗಳು. ಬೆಳಿಗ್ಗೆ ಬೀಗ ತೆಗೆದು ಪತ್ರಿಕೆ ಜೋಡಿಸುವುದರಿಂದ ಹಿಡಿದು ಮಕ್ಕಳಿಗೆ ಕಥೆ ಓದಿಸಿ, ಸಂಜೆ ರಿಜಿಸ್ಟರ್ ಮುಚ್ಚುವವರೆಗೆ ಎಲ್ಲವೂ ಒಬ್ಬ ಮೇಲ್ವಿಚಾರಕರದೇ. ದೀರ್ಘಕಾಲ ಗೌರವಧನದ ಮೇಲೆ ದುಡಿದ ಇವರ ಹೋರಾಟ ಕನಿಷ್ಠ ವೇತನ ಮತ್ತು ಸೇವಾ ಭದ್ರತೆಗಾಗಿ ನಡೆದಿದೆ.

ಕೆಲಸದ ಸ್ವರೂಪವೂ ಬದಲಾಗಿದೆ. ಕನ್ನಡ ಸಾಹಿತ್ಯದ ಪುಸ್ತಕದ ಬೆನ್ನಿಗೆ 894.814 ಎಂಬ ಡ್ಯೂಯಿ ವರ್ಗ ಸಂಖ್ಯೆ ಅಂಟಿಸಿದರಷ್ಟೇ ಸಾಲದು; ಅದರ ವಿವರವನ್ನು ಕೋಹಾ ಅಥವಾ ಇ-ಗ್ರಂಥಾಲಯ ತಂತ್ರಾಂಶಕ್ಕೂ ಏರಿಸಬೇಕು. ವಿಶ್ವವಿದ್ಯಾಲಯಗಳಲ್ಲಿ ಇ-ಜರ್ನಲ್‌ಗಳ ಚಂದಾ, ಪ್ರಬಂಧಗಳ ಕೃತಿಚೌರ್ಯ ತಪಾಸಣೆ ಕೂಡ ಗ್ರಂಥಪಾಲಕರ ಪಾಲಿಗೆ ಬಂದಿವೆ.

ಒಟ್ಟಿನಲ್ಲಿ ಕರ್ನಾಟಕದಲ್ಲಿ ಗ್ರಂಥಾಲಯಗಳಿಗೆ ಬರವಿಲ್ಲ, ಬರವಿರುವುದು ಕಾಯಂ ಹುದ್ದೆಗಳಿಗೆ. ಈ ವೃತ್ತಿಗೆ ಬರುವವರು ನೇಮಕಾತಿ ಅಧಿಸೂಚನೆಗೆ ಕಾಯುತ್ತ ಕೂರದೆ, ಎಂ.ಲಿಬ್ ಓದುವಾಗಲೇ ನೆಟ್ ಅಥವಾ ಕೆ-ಸೆಟ್ ಮುಗಿಸಿ ತಂತ್ರಾಂಶಗಳಲ್ಲಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.