ಪ್ಯಾಟ್ ಸಮಿಟ್: ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಮಹಾಗುರು

ಕ್ರಿಕೆಟ್ಟನ್ನೇ ಆಟವೆಂದು ತಿಳಿದು ಬೆಳೆದ ನಮ್ಮಲ್ಲಿ ಅನೇಕರಿಗೆ ಪ್ಯಾಟ್ ಸಮಿಟ್ ಅವರ ಹೆಸರು ಪರಿಚಿತವಾಗಿರಲಾರದು. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅವರು 1974ರಿಂದ 2012ರವರೆಗೆ, ಒಟ್ಟು 38 ಋತುಗಳ ಕಾಲ ಮುಖ್ಯ ತರಬೇತುದಾರರಾಗಿದ್ದರು. ಈ ಅವಧಿಯಲ್ಲಿ ಅವರ ತಂಡ 1,098 ಪಂದ್ಯಗಳನ್ನು ಗೆದ್ದು 208ರಲ್ಲಿ ಸೋತಿತು; 8 ಬಾರಿ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ಸೋಲುಗಳು ಗೆಲುವುಗಳನ್ನು ಮೀರಿದ ಋತು ಒಂದೂ ಇಲ್ಲ. ಆದರೆ ಅವರನ್ನು ಸ್ಮರಿಸಬೇಕಾದುದು ಈ ಅಂಕಿಗಳಿಗಾಗಿ ಮಾತ್ರವಲ್ಲ. ಆಟ ಮತ್ತು ಓದು ಒಂದಕ್ಕೊಂದು ವೈರಿಗಳಲ್ಲವೆಂಬುದನ್ನು ಅವರು ನಾಲ್ಕು ದಶಕಗಳ ಕಾಲ ಆಚರಿಸಿ ತೋರಿಸಿದರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಪೆಟ್ರೀಷಿಯಾ ಸೂ ಹೆಡ್ ಜನಿಸಿದ್ದು 1952ರ ಜೂನ್ 14ರಂದು, ಟೆನೆಸಿ ರಾಜ್ಯದ ಕ್ಲಾರ್ಕ್ಸ್‌ವಿಲ್‌ನಲ್ಲಿ. ಮೂವರು ಅಣ್ಣಂದಿರು, ಒಬ್ಬ ತಂಗಿ. ಹೈನುಗಾರಿಕೆ ಹಾಗೂ ಹೊಗೆಸೊಪ್ಪಿನ ಬೇಸಾಯವಿದ್ದ ಕೃಷಿಕ ಕುಟುಂಬವದು. ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳೆಲ್ಲರೂ ಹೊಲದಲ್ಲಿ ದುಡಿಯಬೇಕಿತ್ತು. ಕೆಲಸ ಮುಗಿದ ಮೇಲೆ ಹುಲ್ಲು ಒಟ್ಟುವ ಅಟ್ಟದಲ್ಲಿ ಅಣ್ಣಂದಿರೊಡನೆ ಬ್ಯಾಸ್ಕೆಟ್‌ಬಾಲ್ ಆಟ. ತಂದೆ ಬಹಳ ಕಟ್ಟುನಿಟ್ಟಿನವರು, ಮೆಚ್ಚುಗೆಯನ್ನು ಬಾಯಿಬಿಟ್ಟು ಹೇಳುವವರಲ್ಲ. ಅವರು ತಮ್ಮನ್ನು ಮೊದಲ ಬಾರಿ ಅಪ್ಪಿಕೊಂಡಾಗ ತಮಗೆ 43 ವರ್ಷವಾಗಿತ್ತೆಂದು ಪ್ಯಾಟ್ ಹೇಳಿಕೊಂಡಿದ್ದಾರೆ. ಆದರೆ ಊರಿನ ಪ್ರೌಢಶಾಲೆಯಲ್ಲಿ ಹುಡುಗಿಯರ ತಂಡವಿಲ್ಲವೆಂದು ತಿಳಿದಾಗ, ಮಗಳ ಆಟಕ್ಕಾಗಿ ಇಡೀ ಸಂಸಾರವನ್ನು ಪಕ್ಕದ ಜಿಲ್ಲೆಗೆ ಸಾಗಿಸಿದವರೂ ಅದೇ ತಂದೆಯೇ.

ಅಣ್ಣಂದಿರಿಗೆ ಕಾಲೇಜಿನಲ್ಲಿ ಕ್ರೀಡಾ ವಿದ್ಯಾರ್ಥಿವೇತನ ದೊರೆತಿತ್ತು. ಹೆಣ್ಣುಮಕ್ಕಳಿಗೆ ಅಂಥ ವಿದ್ಯಾರ್ಥಿವೇತನವೇ ಇರಲಿಲ್ಲವಾದ್ದರಿಂದ ಪ್ಯಾಟ್ ಅವರ ಶುಲ್ಕವನ್ನು ಹೆತ್ತವರೇ ಭರಿಸಬೇಕಾಯಿತು. 1972ರಲ್ಲಿ ‘ಟೈಟಲ್ ನೈನ್’ ಎಂಬ ಕಾನೂನು ಬಂದಿತು. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಲಿಂಗಭೇದ ಮಾಡಕೂಡದೆಂಬುದು ಅದರ ಸಾರ. ಮುಂದೆ ಮಹಿಳಾ ಕ್ರೀಡೆಗೆ ದೊರೆತ ಬಲಕ್ಕೆ ಈ ಕಾನೂನೇ ಬುನಾದಿ.

ಇಪ್ಪತ್ತೆರಡರ ತರಬೇತುದಾರರು

ಟೆನೆಸಿ ವಿಶ್ವವಿದ್ಯಾಲಯದ ಮಾರ್ಟಿನ್ ಶಾಖೆಯಲ್ಲಿ 1974ರಲ್ಲಿ ಪದವಿ ಮುಗಿಸಿದ ಪ್ಯಾಟ್, ನಾಕ್ಸ್‌ವಿಲ್‌ನ ಮುಖ್ಯ ವಿಶ್ವವಿದ್ಯಾಲಯಕ್ಕೆ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿ, ಸಹಾಯಕ ತರಬೇತುದಾರರಾಗಿ ಹೊರಟಿದ್ದರು. ಅಷ್ಟರಲ್ಲಿ ಮುಖ್ಯ ತರಬೇತುದಾರರು ದೀರ್ಘ ರಜೆಯ ಮೇಲೆ ತೆರಳಿದ್ದರಿಂದ ಆ ಹೊಣೆ 22 ವರ್ಷದ ಯುವತಿಯ ಹೆಗಲೇರಿತು. ತಂಡದ ಕೆಲವರು ಅವರಿಗಿಂತ ಒಂದೇ ವರ್ಷ ಕಿರಿಯರು. ಸಂಬಳ ತಿಂಗಳಿಗೆ 250 ಡಾಲರ್. ಆಟಗಾರ್ತಿಯರ ಸಮವಸ್ತ್ರ ಒಗೆಯುವುದು, ಪಂದ್ಯಗಳಿಗೆ ವ್ಯಾನ್ ಓಡಿಸುವುದು ಕೂಡ ಅವರ ಪಾಲಿನ ಕೆಲಸ. ಮೊದಲ ಪಂದ್ಯದಲ್ಲಿ ತಂಡ ಒಂದೇ ಅಂಕದಿಂದ, 83–84ರಲ್ಲಿ ಸೋತಿತು. ಋತುವಿನ ಕೊನೆಗೆ ಲೆಕ್ಕ 16 ಗೆಲುವು, 8 ಸೋಲು.

ಮಂಡಿಯ ತೀವ್ರ ಗಾಯದಿಂದ ಚೇತರಿಸಿಕೊಂಡು, ತರಬೇತಿ ನೀಡುತ್ತಲೇ ತಾವೂ ಅಭ್ಯಾಸ ಮುಂದುವರಿಸಿದ ಅವರು 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡದ ಸಹನಾಯಕಿಯಾಗಿ ಬೆಳ್ಳಿಯ ಪದಕ ಗಳಿಸಿದರು. ಮಹಿಳಾ ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸ್ ಪ್ರವೇಶಿಸಿದ್ದು ಆ ವರ್ಷವೇ. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕದ ಮಹಿಳಾ ತಂಡಕ್ಕೆ ಅವರೇ ತರಬೇತುದಾರರು.

ಆ ದಿನಗಳಲ್ಲಿ ಟೆನೆಸಿಯ ಪ್ರೌಢಶಾಲೆಗಳಲ್ಲಿ ಹುಡುಗಿಯರು ಆರು ಜನರ ಆಟ ಆಡುತ್ತಿದ್ದರು. ಮೂವರು ದಾಳಿಗೆ, ಮೂವರು ರಕ್ಷಣೆಗೆ. ಯಾರೂ ಅಂಗಳದ ನಡುಗೆರೆ ದಾಟುವಂತಿಲ್ಲ. ಈ ಪದ್ಧತಿ ಬದಲಾಗದಿದ್ದರೆ ಆಟಗಾರ್ತಿಯರನ್ನು ಹೊರರಾಜ್ಯಗಳಿಂದಲೇ ಆರಿಸಿಕೊಳ್ಳುವುದಾಗಿ ಪ್ಯಾಟ್ ಎಚ್ಚರಿಸಿದರು. 1979ರಲ್ಲಿ ಅಲ್ಲಿ ಪೂರ್ಣ ಅಂಗಳದ ಐವರ ಆಟ ಜಾರಿಗೆ ಬಂದಿತು.

ಗೆಲುವಿನ ವರ್ಷಗಳು

ಯಶಸ್ಸು ಸುಲಭವಾಗಿ ಕೈಗೆಟುಕಲಿಲ್ಲ. 1977ರಿಂದ 1986ರವರೆಗೆ ಅವರ ತಂಡ ಏಳು ಬಾರಿ ರಾಷ್ಟ್ರದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿಯೂ ಪ್ರಶಸ್ತಿಯಿಲ್ಲದೆ ಮರಳಿತು. ದೊಡ್ಡ ಪಂದ್ಯಗಳಲ್ಲಿ ಗೆಲ್ಲಲಾರರೆಂಬ ಟೀಕೆಯೂ ಕೇಳಿಬಂದಿತು. 1987ರ ಅಂತಿಮ ಪಂದ್ಯದಲ್ಲಿ ಲೂಸಿಯಾನಾ ಟೆಕ್ ತಂಡವನ್ನು 67–44ರಿಂದ ಸೋಲಿಸುವುದರೊಂದಿಗೆ ಆ ಮಾತು ಮುಗಿಯಿತು. ಅನಂತರ 1989, 1991, 1996, 1997, 1998, 2007 ಮತ್ತು 2008ರಲ್ಲಿ ಪ್ರಶಸ್ತಿಗಳು ಬಂದವು. 1997ರ ತಂಡ ಹತ್ತು ಪಂದ್ಯಗಳನ್ನು ಸೋತಿದ್ದರೂ ಕೊನೆಗೆ ಪ್ರಶಸ್ತಿ ಗೆದ್ದಿತು. ಮರುವರ್ಷದ ತಂಡ 39 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಷಮೀಕ್ ಹೋಲ್ಡ್ಸ್‌ಕ್ಲಾ, ಟಮೀಕಾ ಕ್ಯಾಚಿಂಗ್ಸ್, ಕ್ಯಾಂಡೇಸ್ ಪಾರ್ಕರ್ ಮೊದಲಾದ ಖ್ಯಾತ ಆಟಗಾರ್ತಿಯರು ಅವರ ಗರಡಿಯಲ್ಲೇ ಪಳಗಿದವರು.

ವಿಶ್ವವಿದ್ಯಾಲಯದ ಪುರುಷರ ತಂಡದ ಹೊಣೆ ವಹಿಸಿಕೊಳ್ಳುವಂತೆ ಎರಡು ಬಾರಿ ಕರೆ ಬಂದರೂ ಅವರು ಒಪ್ಪಲಿಲ್ಲ. 2000ದಲ್ಲಿ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಕೀರ್ತಿಭವನದಲ್ಲಿ ಅವರಿಗೆ ಸ್ಥಾನ ದೊರೆಯಿತು. ತಿಂಗಳಿಗೆ 250 ಡಾಲರಿನಿಂದ ಆರಂಭಿಸಿದವರು 2006ರ ವೇಳೆಗೆ ವರ್ಷಕ್ಕೆ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಪಡೆದ ಮೊದಲ ಮಹಿಳಾ ಬ್ಯಾಸ್ಕೆಟ್‌ಬಾಲ್ ತರಬೇತುದಾರರೆನಿಸಿದರು. 2009ರ ಫೆಬ್ರವರಿಯಲ್ಲಿ ಸಾವಿರದ ಗೆಲುವು ದೊರೆಯಿತು.

ಶಿಸ್ತು ಮತ್ತು ಪದವಿ

ಅಂಗಳದ ಬದಿಯಿಂದ ಅವರು ಬೀರುತ್ತಿದ್ದ ತೀಕ್ಷ್ಣ ನೋಟ ಹೆಸರಾದುದು. ಆಟಗಾರ್ತಿಯರು ತರಗತಿ ತಪ್ಪಿಸುವಂತಿರಲಿಲ್ಲ. ಅಷ್ಟೇ ಅಲ್ಲ, ಮೊದಲ ಮೂರು ಸಾಲುಗಳಲ್ಲೇ ಕೂಡಬೇಕಿತ್ತು. ಎಷ್ಟೇ ದೊಡ್ಡ ಆಟಗಾರ್ತಿಯಾದರೂ ವಿನಾಯಿತಿಯಿಲ್ಲ. ಫಲವಾಗಿ, ಅವರ ಬಳಿ ಆಟದ ಅವಧಿಯನ್ನು ಪೂರ್ಣಗೊಳಿಸಿದ ಪ್ರತಿಯೊಬ್ಬ ಆಟಗಾರ್ತಿಯೂ ಪದವೀಧರೆಯಾದಳು. ಎಂಟು ಪ್ರಶಸ್ತಿಗಳಿಗಿಂತ ಈ ಸಾಧನೆಯೇ ದೊಡ್ಡದೆಂದು ಹೇಳುವವರಿದ್ದಾರೆ, ಅದು ಅತಿಶಯೋಕ್ತಿಯಲ್ಲ.

ಕೊನೆಯ ಋತು

‘ಅರವತ್ತಕ್ಕೆ ಅರಳು ಮರಳು’ ಎಂಬುದು ನಮ್ಮ ಗಾದೆ. ಪ್ಯಾಟ್ ಅವರಿಗೆ ಅರವತ್ತು ತುಂಬುವ ಮೊದಲೇ ಮರೆವು ಕಾಡತೊಡಗಿತು. ಸಭೆಯ ಹೊತ್ತು ನೆನಪಾಗದು. ಪಂದ್ಯದ ನಡುವೆ ಹೇಳಬೇಕಾದ ತಂತ್ರ ಹೊಳೆಯದು. 2011ರಲ್ಲಿ ಮೇಯೊ ಕ್ಲಿನಿಕ್‌ನಲ್ಲಿ ನಡೆದ ತಪಾಸಣೆಯಿಂದ ಅಕಾಲದ ಅಲ್‌ಜೈಮರ್ಸ್ ಕಾಯಿಲೆ ಎಂದು ಗೊತ್ತಾಯಿತು. ಇಂಥ ಸುದ್ದಿಯನ್ನು ಮುಚ್ಚಿಡುವುದೇ ಲೋಕರೂಢಿ. ಅವರು ಆಗಸ್ಟ್ ತಿಂಗಳಲ್ಲಿ ಅದನ್ನು ಬಹಿರಂಗವಾಗಿ ತಿಳಿಸಿ, ಇನ್ನೊಂದು ಋತು ತಂಡದೊಡನೆ ಇರುವುದಾಗಿ ಸಾರಿದರು. ಬಹುಪಾಲು ಹೊಣೆಯನ್ನು ಹಾಲಿ ವಾರ್ಲಿಕ್ ಮತ್ತಿತರ ಸಹಾಯಕರು ವಹಿಸಿಕೊಂಡರು. ಹಾಲಿಯವರು 1970ರ ದಶಕದ ಕೊನೆಯಲ್ಲಿ ಪ್ಯಾಟ್ ಅವರ ಶಿಷ್ಯೆಯಾಗಿ ಆಡಿದವರು. ಆ ಋತುವಿನಲ್ಲಿಯೂ ತಂಡ 27 ಪಂದ್ಯಗಳನ್ನು ಗೆದ್ದಿತು. 2012ರ ಏಪ್ರಿಲ್‌ನಲ್ಲಿ ಪ್ಯಾಟ್ ಅಧಿಕಾರವನ್ನು ಶಿಷ್ಯೆಗೆ ಒಪ್ಪಿಸಿದರು.

ಅದೇ ವರ್ಷ ಅಧ್ಯಕ್ಷ ಒಬಾಮಾ ಅವರಿಂದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಮ್ ಗೌರವ ಸಂದಿತು. ಕಾಯಿಲೆಯ ಸಂಶೋಧನೆಗೂ ರೋಗಿಗಳ ಕುಟುಂಬಗಳ ನೆರವಿಗೂ ಅವರ ಹೆಸರಿನಲ್ಲಿ ಪ್ರತಿಷ್ಠಾನವೊಂದು ಸ್ಥಾಪನೆಯಾಯಿತು. 2016ರ ಜೂನ್ 28ರಂದು, 64ನೆಯ ವಯಸ್ಸಿನಲ್ಲಿ ಅವರು ನಾಕ್ಸ್‌ವಿಲ್‌ನಲ್ಲಿ ನಿಧನರಾದರು.

ಅವರ ಗೆಲುವುಗಳ ದಾಖಲೆಯನ್ನು ಸ್ಟಾನ್‌ಫರ್ಡ್‌ನ ಟಾರಾ ವ್ಯಾನ್‌ಡರ್ವೀರ್ 2020ರ ಡಿಸೆಂಬರ್‌ನಲ್ಲಿ ದಾಟಿದರು. ಅವರ ದಾಖಲೆಯನ್ನು 2024ರಲ್ಲಿ ಕನೆಕ್ಟಿಕಟ್‌ನ ಜೀನೊ ಆರಿಯೆಮಾ ದಾಟಿದರು. ದಾಖಲೆಗಳಿರುವುದೇ ಮುರಿಯುವುದಕ್ಕೆ.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಹತ್ತನೆಯ ತರಗತಿಗೆ ಬಂದೊಡನೆ ಆಟದ ಬೂಟುಗಳು ಅಟ್ಟ ಸೇರುವುದುಂಟು. ಹಿರಿಯರ ಮರೆವನ್ನು ವೈದ್ಯರಿಗೆ ತೋರಿಸದೆ ‘ವಯಸ್ಸಾಯಿತು’ ಎಂದು ಮುಚ್ಚಿಡುವುದೂ ಉಂಟು. ಈ ಎರಡೂ ರೂಢಿಗಳ ಮುಂದೆ ಪ್ಯಾಟ್ ಸಮಿಟ್ ಅವರ ಜೀವನವನ್ನು ಇಟ್ಟು ನೋಡಿದರೆ, ಬ್ಯಾಸ್ಕೆಟ್‌ಬಾಲ್ ಅರಿಯದ ನಮಗೂ ಅದರಲ್ಲಿ ಕಲಿಯುವುದಿದೆ.